ಊಟಕ್ಕೆ ಓಡಿದ ಸಿಪಾಯಿ

ನಿಝಾಮನನ್ನು ಭಾರತೀಯ ಸೇನೆಗೆ ಮೊತ್ತಮೊದಲು ಸೇರಿಸಿದವರು ಅವನ ತಂದೆ ಅಬೂಬಕರ್. ಸೇನೆಗೆ ಆ ವಿಷಯ ಆಗ ಇನ್ನೂ ತಿಳಿದಿರಲಿಲ್ಲ.

ಇದು ನಡೆದದ್ದು ಅರಂತೋಡು ಪೇಟೆಯಲ್ಲಿ, ನನ್ನ ಝೆರಾಕ್ಸ್ ಅಂಗಡಿಯೊಳಗೆ, ನನ್ನ ಕಣ್ಣೆದುರಿಗೇ. ಪಕ್ಕದ ಹಣ್ಣು ಮತ್ತು ಜ್ಯೂಸಿನ ಅಂಗಡಿ ಅಬೂಬಕರರದು. ಊರಿಗೆಲ್ಲ ಅವರು ಅಬೂಬಕರಾಕ. ಮಡಿಕೇರಿ ಬಸ್ಸುಗಳು ನಿಲ್ಲುವುದೇ ಅವರ ಬಾಳೆಗೊನೆಗಳ ಎದುರು. ಹಾಗಾಗಿ ಅಲ್ಲಿ ಹುಟ್ಟಿದ ಸುದ್ದಿ ಒಂದು ಬಸ್ಸಿನಲ್ಲಿ ಸುಳ್ಯಕ್ಕೂ ಇನ್ನೊಂದು ಬಸ್ಸಿನಲ್ಲಿ ಸಂಪಾಜೆಗೂ ಟಿಕೆಟಿಲ್ಲದೆ ಹೋಗುತ್ತದೆ. ಅಬೂಬಕರಾಕ ಒಳ್ಳೆಯ ಮನುಷ್ಯ. ಇರುವುದು ಒಂದೇ ಕುಂದು. ಸಂತೋಷದ ಸಂಗತಿಯನ್ನು ಅದು ನಡೆಯುವ ತನಕ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಅವರಿಂದ ಆಗುವುದಿಲ್ಲ.

ನಿಝಾಮ್ ಪಿಯುಸಿ ಮುಗಿಸಿ ಅಗ್ನಿವೀರನಾಗಲು ಆನ್‌ಲೈನ್ ಪರೀಕ್ಷೆ ಬರೆದಿದ್ದ. ಪಾಸಾಗಿ ರ್‍ಯಾಲಿಗೆ ಕರೆ ಬಂದಿತ್ತು. ರ್‍ಯಾಲಿ ಎಂದರೆ ಓಡಬೇಕು, ಕಂಬಿ ಹಿಡಿದು ಮೈಯನ್ನು ಮೇಲೆತ್ತಬೇಕು, ಹೊಂಡ ಹಾರಬೇಕು, ಡಾಕ್ಟರಿಗೆ ಕಿವಿ ಹಲ್ಲು ಪಾದ ಎಲ್ಲ ತೋರಿಸಬೇಕು. ಇಷ್ಟೆಲ್ಲ ದಾಟಿ ಕೊನೆಯ ಪಟ್ಟಿಯಲ್ಲಿ ಹೆಸರು ಬಂದರೆ ಮಾತ್ರ ಸೈನಿಕ. ಆ ರ್‍ಯಾಲಿಯ ಪ್ರವೇಶ ಪತ್ರವನ್ನು ನಾನು ಪ್ರಿಂಟ್ ತೆಗೆದು ಕೊಟ್ಟಾಗ ಅಬೂಬಕರಾಕ ಅದನ್ನು ಎರಡೂ ಕೈಯಲ್ಲಿ ಹಿಡಿದರು. ಮೇಲೆ ಸೇನೆಯ ಮುದ್ರೆ, ಬದಿಯಲ್ಲಿ ಮಗನ ಫೋಟೊ, ಕೆಳಗೆ ಹೊರಡಬೇಕಾದ ತಾರೀಕು.

"ಬಂತು!" ಎಂದರು ಅಬೂಬಕರಾಕ.

"ಉಪ್ಪ, ಇದು ಬರೀ ರ್‍ಯಾಲಿಗೆ ಕರೆದದ್ದು. ಇನ್ನು ಓಡ್ಲಿಕ್ಕುಂಟು, ಮೆಡಿಕಲ್ ಉಂಟು" ಎಂದ ನಿಝಾಮ್.

"ನನಗೆ ಗೊತ್ತಿಲ್ವಾ ಮೋನೇ? ದಮ್ಮಾಮಿಗೆ ಹೋಗುವಾಗ ನನಗೂ ಮೆಡಿಕಲ್ ಇತ್ತು. ಅದೆಲ್ಲ ಇದ್ದದ್ದೇ. ಕಾಗದ ಬಂತಲ್ಲ, ಅದು ಮುಖ್ಯ."

ಇಲ್ಲಿ ಅಬೂಬಕರಾಕನ ಪರವಾಗಿ ಒಂದು ಮಾತು ಹೇಳಬೇಕು. ಅವರ ಕುಟುಂಬದಲ್ಲಿ ಮೂರು ತಲೆಮಾರಿನಿಂದ ಗಂಡಸರು ಗಲ್ಫಿಗೆ ಹೋಗಿದ್ದಾರೆ. ಸೇನೆಗೆ ಹೋದವರು ಒಬ್ಬರೂ ಇಲ್ಲ. ಅವರ ಅನುಭವದಲ್ಲಿ ಸರಕಾರಿ ಮುದ್ರೆ, ಫೋಟೊ, ಹೊರಡುವ ತಾರೀಕು ಇರುವ ಕಾಗದಕ್ಕೆ ಒಂದೇ ಹೆಸರು, ವೀಸಾ. ವೀಸಾ ಬಂದ ಮೇಲೆ ಮನುಷ್ಯ ಹೋಗಿಯೇ ಹೋಗುತ್ತಾನೆ. ಯಾರಾದರೂ ಸೌದಿಯ ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ಓಡಿಸಿ ನೋಡಿ, ಹಿಂದೆ ಬಿದ್ದವರನ್ನು ಮನೆಗೆ ಕಳಿಸಿದ್ದು ಉಂಟೇ?

ಸಂಜೆಯೊಳಗೆ ಸುದ್ದಿ ಎರಡೂ ದಿಕ್ಕಿನ ಬಸ್ಸು ಹತ್ತಿತು. "ನಿಝಾಮನಿಗೆ ಮಿಲಿಟ್ರಿ ಆಯ್ತು."

ಮರುದಿನವೇ ಅಬೂಬಕರಾಕನ ತಂಗಿ ನುಸೈಬಾ ಪೆರಾಜೆಯಿಂದ ಫೋನ್ ಮಾಡಿದಳು. "ಹೋಗುವ ಹುಡುಗ ಮೊದಲ ಊಟ ಮಾಮಿಯ ಮನೆಯಲ್ಲೇ ಮಾಡ್ಬೇಕು. ಇಲ್ಲದಿದ್ರೆ ನಾನು ನಿಮ್ಮ ಮನೆ ಮೆಟ್ಟಿಲು ಹತ್ತುದಿಲ್ಲ."

ಗಲ್ಫಿಗೆ ಹೊರಟವನನ್ನು ನೆಂಟರು ಮನೆಮನೆಗೆ ಕರೆದು ಉಣ್ಣಿಸುವುದು ಅವರ ಕಡೆಯ ಮರ್ಯಾದೆ. ಹೋದಲ್ಲಿ ಏನು ಸಿಗುತ್ತದೋ, ಯಾವಾಗ ಬರುತ್ತಾನೋ ಎಂಬ ಸಂಕಟವನ್ನೆಲ್ಲ ಹೆಂಗಸರು ತುಪ್ಪದಲ್ಲಿ ಕಲಸಿ ಬಡಿಸುತ್ತಾರೆ. ಬೇಡ ಎಂದರೆ ಊಟ ಬೇಡ ಎಂದಂತಲ್ಲ, ಸಂಬಂಧವೇ ಬೇಡ ಎಂದಂತೆ. ದಮ್ಮಾಮಿಗೆ ಹೋಗುವವನಿಗೇ ಇಷ್ಟು ಎಂದ ಮೇಲೆ ಗಡಿಗೆ ಹೋಗುವವನಿಗೆ ಎಷ್ಟು? ನುಸೈಬಾ ತುಪ್ಪದನ್ನ ಮಾಡಿದಳು ಎಂದು ಗೂನಡ್ಕದ ಅಬ್ಬಾಸ್ ಮಾವ ಬಿರಿಯಾನಿ ಮಾಡಿಸಿದರು. ಅಬ್ಬಾಸ್ ಮಾವ ಕೋಳಿ ಬಿರಿಯಾನಿ ಮಾಡಿಸಿದರು ಎಂದು ಕಲ್ಲುಗುಂಡಿಯ ರುಕಿಯಾ ಆಡು ಕಡಿಸಿದಳು. ನಿಝಾಮ್ ಎಲ್ಲಿಯೂ ಬಾಯಿ ತೆರೆದು ಬೇಡ ಎನ್ನಲಾರದೆ, ತೆರೆದ ಬಾಯಿಗೆ ಇನ್ನೊಂದು ತುತ್ತು ಹಾಕಿಸಿಕೊಂಡು ಬರುತ್ತಿದ್ದ.

ಇತ್ತ ಬೆಳಿಗ್ಗೆ ಶಾಲಾ ಮೈದಾನದಲ್ಲಿ ಅವನಿಗೆ ತರಬೇತಿ ಕೊಡುತ್ತಿದ್ದವರು ನಿವೃತ್ತ ಹವಾಲ್ದಾರ್ ಕುಕ್ಕಪ್ಪ ಗೌಡರು. ಸೇನೆಯಿಂದ ಬಂದು ವರ್ಷಗಳಾದರೂ ಅವರ ಬೆನ್ನು ಇನ್ನೂ ರಜೆ ಪಡೆದಿಲ್ಲ. ತಪ್ಪು ಕಂಡರೆ ತಿದ್ದದೆ ಬಿಡುವ ಜೀವವಲ್ಲ ಅದು. ನನ್ನ ಅಂಗಡಿಯ ಬೋರ್ಡು ಅರ್ಧ ಇಂಚು ಓರೆಯಾಗಿದೆ ಎಂದು ತಾವೇ ಏಣಿ ಹತ್ತಿ ಸರಿಮಾಡಿ ಹೋದವರು. ಅವರ ಮೊಮ್ಮಗ ಕೀರ್ತನನೂ ಅದೇ ರ್‍ಯಾಲಿಗೆ ಹೊರಟವ. ಆದರೆ ಗೌಡರ ಭರವಸೆ ಇದ್ದದ್ದು ನಿಝಾಮನ ಮೇಲೆ. "ಇವನ ಕಾಲಿನಲ್ಲಿ ಏನೋ ಉಂಟು" ಎನ್ನುತ್ತಿದ್ದರು. ಅವರು ಅಷ್ಟು ಹೊಗಳಿದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

ಒಂದು ದಿನ ಬೆಳಿಗ್ಗೆ ಆ ಕಾಲು ಕೀರ್ತನನ ಹಿಂದೆ ಬಂತು. ಅದರ ಮರುದಿನ ಇನ್ನೂ ಹಿಂದೆ. ಗೌಡರು ಸೀಟಿ ಊದಿ ನಿಲ್ಲಿಸಿದರು. ಬೆರಳಿನಿಂದ ನಿಝಾಮನ ಹೊಟ್ಟೆ ಒತ್ತಿದರು.

"ಇದು ಎಂತ?"

"ನುಸೈಬಾ ಮಾಮಿ, ಸರ್."

ಬೆರಳು ಸೊಂಟಕ್ಕೆ ಬಂತು. "ಇದು?"

"ಅಬ್ಬಾಸ್ ಮಾವ."

"ಇನ್ನು ಯಾರಾರು ಬರ್ಲಿಕ್ಕುಂಟು?"

ನಿಝಾಮ್ ಹೆಸರು ಹೇಳತೊಡಗಿದ. ಪಟ್ಟಿ ಸುಳ್ಯಕ್ಕೆ ತಲುಪುವಷ್ಟರಲ್ಲಿ ಗೌಡರು ಕೈ ಎತ್ತಿ ಸಾಕು ಎಂದರು.

ಅಲ್ಲಿಂದ ಅವರು ನೇರ ಬಂದದ್ದು ಜ್ಯೂಸ್ ಅಂಗಡಿಗೆ. ಅದೇ ಹೊತ್ತಿಗೆ ನಮ್ಮ ಯುವಕ ಮಂಡಲದ ರಿತೇಶ್ ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟಿಸುತ್ತಿದ್ದ. 'ಅರಂತೋಡಿನ ಹೆಮ್ಮೆಯ ಕುವರ, ವೀರಯೋಧ ನಿಝಾಮ್ ಅವರಿಗೆ ಅಭಿನಂದನೆಗಳು.' ನಿಝಾಮನ ತಲೆಯನ್ನು ಯಾರದೋ ಸಮವಸ್ತ್ರಕ್ಕೆ ಅಂಟಿಸಿದ್ದರು. ಕುತ್ತಿಗೆ ಒಂದು ಬಣ್ಣ, ಮುಖ ಇನ್ನೊಂದು ಬಣ್ಣ. ಗೌಡರು ಹೆಗಲ ಮೇಲಿನ ನಕ್ಷತ್ರಗಳನ್ನು ದಿಟ್ಟಿಸಿ ನೋಡಿದರು.

"ಓಡುವ ಮೊದಲೇ ಹುಡುಗನನ್ನು ಕರ್ನಲ್ ಮಾಡಿದ್ದೀರಲ್ಲ, ಅಬೂಬಕರ್ರೆ!"

"ನಿಮ್ಮ ಆಶೀರ್ವಾದ ಕುಕ್ಕಪ್ಪಣ್ಣ. ಕೂತ್ಕೊಳ್ಳಿ, ಒಂದು ಮೂಸಂಬಿ ಮಾಡ್ತೇನೆ."

"ಮೂಸಂಬಿ ಇರ್ಲಿ. ಆ ಕಾಗದದಲ್ಲಿ ಎಂತ ಬರ್ದಿದೆ ಓದಿದ್ದೀರಾ?"

"ಮಿಲಿಟ್ರಿಗೆ ಬಾ ಅಂತ."

"ಬಂದು ಓಡು ಅಂತ! ನೂರು ಹುಡುಗರು ಓಡಿದ್ರೆ ಮುಕ್ಕಾಲು ಪಾಲು ಅಲ್ಲೇ ಗೇಟಿನಿಂದ ವಾಪಾಸು. ನಿಮ್ಮ ನೆಂಟರು ಹೀಗೇ ಬಡಿಸಿದ್ರೆ ವಾಪಾಸು ಬರುವವರಲ್ಲಿ ನಿಮ್ಮವನೇ ಮೊದಲು."

ಅಬೂಬಕರಾಕನ ಕೈಯಲ್ಲಿದ್ದ ಮೂಸಂಬಿ ಕೆಳಗೆ ಬಿದ್ದು ರಸ್ತೆಗೆ ಉರುಳಿತು. "ಅಂದ್ರೆ... ಇದು ವೀಸಾ ಅಲ್ವಾ?"

"ಅಲ್ಲ ಮಾರಾಯ್ರೆ. ಬರೀ ಸಂದರ್ಶನ."

ಅವರು ಸ್ಟೂಲಿನ ಮೇಲೆ ಕುಸಿದು ಕುಳಿತರು. ಆ ಮುಖ ನೋಡಿ ನನಗೆ ನಗಲಾಗಲಿಲ್ಲ. ಮಗ ಹೇಳಿದ್ದನ್ನು ಅವರು ಕೇಳಿರಲಿಲ್ಲ, ಕೇಳಿದ್ದರೂ ನಂಬಿರಲಿಲ್ಲ. ಈಗ ನಂಬಿದ್ದರು. ಎದುರಿಗೆ ಕರ್ನಲ್ ನಿಝಾಮ್ ಫ್ಲೆಕ್ಸಿನಲ್ಲಿ ಗಾಳಿಗೆ ಪಟಪಟ ಎನ್ನುತ್ತಿದ್ದ. ಆಗಿಲ್ಲ ಎಂದು ಊರಿಗೆ ಹೇಳುವ ಹಾಗಿಲ್ಲ, ಆಯಿತು ಎಂದು ಸುಮ್ಮನಿರುವ ಹಾಗೂ ಇಲ್ಲ. ಬಿಸಿ ತುಪ್ಪ ಬಾಯಿಗೆ ಬಿದ್ದವರ ಪಾಡು ಗೊತ್ತಲ್ಲ. ಇಲ್ಲಿ ತುಪ್ಪ ನೆಂಟರದ್ದು, ಬಾಯಿ ಅವರದು.

ಆಗ ಬಾಗಿಲಲ್ಲಿ ನಿಂತಿದ್ದ ನಿಝಾಮ್ ಮೆಲ್ಲಗೆ ಹೇಳಿದ. "ಉಪ್ಪ, ಈಗ ಬೇರೆ ಎಂತ ಮಾಡ್ಲಿಕ್ಕೂ ಇಲ್ಲ. ನಾನು ಪಾಸಾಗುದೇ. ಇಷ್ಟು ಜನ ಊಟ ಹಾಕಿದ ಮೇಲೆ ಸೋತು ಬಂದ್ರೆ ಯಾರ ಮುಖ ನೋಡುದು?"

"ಇನ್ನು ಊಟ ಬಂದ್ ಮಾಡುವ. ನಾನು ಎಲ್ಲರಿಗೂ ಫೋನ್ ಮಾಡಿ ಹೇಳ್ತೇನೆ" ಎಂದರು ಅಬೂಬಕರಾಕ. ಹೇಳಿದವರೇ, "ಆದ್ರೆ ಬಾಕಿ ಇದ್ದವರು ಬಿಡ್ತಾರಾ? ನುಸೈಬಾನಲ್ಲಿ ಉಂಡವ ನಮ್ಮಲ್ಲಿ ಯಾಕೆ ಉಣ್ಣುದಿಲ್ಲ ಅಂತ ಕೇಳಿದ್ರೆ?" ಎಂದು ಫೋನ್ ಪುನಃ ಕಿಸೆಗೆ ಹಾಕಿದರು.

ಕುಕ್ಕಪ್ಪ ಗೌಡರು ಬೆನ್ನ ಹಿಂದೆ ಕೈಕಟ್ಟಿ ಅಂಗಡಿಯ ಎದುರು ಎರಡು ಸಲ ಅತ್ತಿತ್ತ ನಡೆದರು. ಯುದ್ಧದ ಯೋಜನೆ ಸಿದ್ಧವಾಯಿತು.

"ಊಟ ನಿಲ್ಲಿಸುದು ಬೇಡ. ಕರೆದ ಮನೆಗೆಲ್ಲ ಹೋಗ್ಲಿ. ಆದ್ರೆ ಬೈಕಿನಲ್ಲಿ ಅಲ್ಲ, ಬಸ್ಸಿನಲ್ಲಿ ಅಲ್ಲ. ಓಡಿಕೊಂಡು ಹೋಗ್ಬೇಕು. ಅಲ್ಲಿ ನಾನು ಹೇಳಿದಷ್ಟೇ ತಿನ್ನುದು. ಉಂಡದ್ದು ಕರಗಿದ ಮೇಲೆ ಪುನಃ ಓಡಿಕೊಂಡು ಬರುದು."

"ಉಳಿದದ್ದು? ಬಡಿಸಿದ್ದನ್ನು ಬಿಟ್ರೆ ಬೇಸರ ಮಾಡ್ತಾರೆ."

"ಉಳಿದದ್ದು ನೀವು ತಿನ್ನಿ. ಬಾಯಿ ಬಿಟ್ಟದ್ದು ನೀವಲ್ವಾ? ಇನ್ನೂ ಸ್ವಲ್ಪ ಬಿಡಿ."

ಹೀಗೆ ಅರಂತೋಡಿನ ಇತಿಹಾಸದಲ್ಲಿ ಮೊದಲ ಬಾರಿಗೆ ಒಬ್ಬ ಅತಿಥಿ ಹೆದ್ದಾರಿಯಲ್ಲಿ ಓಡಿಕೊಂಡು ಊಟಕ್ಕೆ ಹೋಗತೊಡಗಿದ. ಮುಂದೆ ನಿಝಾಮ್, ಅವನ ಬದಿಯಲ್ಲಿ ಕೀರ್ತನ್, ಹಿಂದೆ ಸ್ಕೂಟರಿನಲ್ಲಿ ಅಬೂಬಕರಾಕ, ಅವರ ಹಿಂದಿನ ಸೀಟಿನಲ್ಲಿ ಸೀಟಿ ಕಚ್ಚಿಕೊಂಡ ಹವಾಲ್ದಾರರು. ಮೊದಲ ದಿನವೇ ಗಸ್ತಿನ ಪೊಲೀಸ್ ಜೀಪು ಅಡ್ಡ ಬಂದು ನಿಂತಿತು.

"ಎಂತ ಕದ್ದಿದ್ದಾರೆ ಇವರು?" ಎಂದು ಪೊಲೀಸರು ಅಬೂಬಕರಾಕನನ್ನು ಕೇಳಿದರು.

"ಕದ್ದದ್ದಲ್ಲ ಸರ್. ನನ್ನ ಮಗ. ಊಟಕ್ಕೆ ಹೋಗುದು."

"ಊಟಕ್ಕೆ ಓಡಿಕೊಂಡಾ? ಅಷ್ಟು ಹಸಿವಾ?"

"ಹಸಿವಿಲ್ಲ ಸರ್, ಅದೇ ತೊಂದರೆ."

ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗೌಡರು ಇಳಿದು, ಮೈ ನೇರ ಮಾಡಿ, ವಿಷಯವನ್ನು ವರದಿಯ ಹಾಗೆ ಒಪ್ಪಿಸಿದರು. ಜೀಪಿನವರಿಗೆ ಎಷ್ಟು ಖುಷಿಯಾಯಿತೆಂದರೆ ಗೂನಡ್ಕದ ತಿರುವಿನ ತನಕ ಮುಂದೆ ಲೈಟ್ ಹಾಕಿಕೊಂಡು ದಾರಿ ಬಿಡಿಸಿ ಕೊಟ್ಟರು. ಊಟಕ್ಕೆ ಹೋಗುವ ಹುಡುಗನಿಗೆ ಪೊಲೀಸ್ ಬೆಂಗಾವಲು ಎಂಬ ಸುದ್ದಿ ಕೇಳಿ ಅಂದು ಕರೆದಿದ್ದ ಮನೆಯವರು ಇನ್ನೂ ಎರಡು ಕೋಳಿ ಹೆಚ್ಚಿಗೆ ಕೊಯ್ದರು.

ಊಟದ ಮನೆಯ ಕಷ್ಟವೇ ಬೇರೆ. ನಿಝಾಮ್ ಎರಡು ತುಂಡು ಕೋಳಿ, ಒಂದು ಪತ್ತಿರ್ ಅಕ್ಕಿರೊಟ್ಟಿ ತಿಂದು ಕೈ ತೊಳೆಯಲು ಎದ್ದರೆ ಮನೆಯ ಹೆಂಗಸರ ಕಣ್ಣು ತುಂಬುತ್ತಿತ್ತು. ಒಳಗಿನಿಂದ "ಉಪ್ಪು ಜಾಸ್ತಿ ಆಯ್ತಾ?" ಎಂಬ ಸ್ವರ ಬರುತ್ತಿತ್ತು. ಕೂಡಲೇ ಅಬೂಬಕರಾಕ ಮಗನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, "ಉಪ್ಪು ಸರಿಯುಂಟು, ಎಲ್ಲ ಸರಿಯುಂಟು" ಎನ್ನುತ್ತ ಕುಟುಂಬದ ಮಾನ ಉಳಿಸಲು ತೊಡಗುತ್ತಿದ್ದರು. ಆ ಹೋರಾಟದಲ್ಲಿ ಅವರ ಅಂಗಿಯ ಎರಡು ಗುಂಡಿಗಳು ಹುತಾತ್ಮವಾದವು. ಕಾವಲಿಗೆಂದು ಬಂದ ಹವಾಲ್ದಾರರೂ ರುಚಿ ನೋಡುವ ನೆಪದಲ್ಲಿ ಬೆಲ್ಟಿನ ತೂತು ಒಂದು ಮುಂದಕ್ಕೆ ಹಾಕಿದರು ಎಂದು ಅವರ ಮನೆಯವರಾದ ಶೀಲಾವತಿಯವರೇ ನನ್ನಲ್ಲಿ ಹೇಳಿದ್ದು.

ಆದರೆ ನಮ್ಮ ಜನ ಎಂಥವರು ನೋಡಿ. ಊಟಕ್ಕೆ ಯಾಕೆ ಓಡುತ್ತಾನೆ ಎಂಬುದು ನಿಧಾನಕ್ಕೆ ಎಲ್ಲರಿಗೂ ತಿಳಿಯಿತು. ಆಗಿಲ್ಲ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಬಡಿಸುವ ಬಗೆ ಮಾತ್ರ ಬದಲಾಯಿತು. ರುಕಿಯಾ ಎರಡನೇ ಸಲ ಕರೆದಾಗ ಬಿರಿಯಾನಿಯ ಜಾಗದಲ್ಲಿ ಬೇಯಿಸಿದ ಮೊಟ್ಟೆ ಮತ್ತು ಹೆಸರುಕಾಳು ಇಟ್ಟಳು. ಅಬ್ಬಾಸ್ ಮಾವ ಅಂಗಳದ ಹಲಸಿನ ಮರಕ್ಕೆ ಕಬ್ಬಿಣದ ಪೈಪು ಕಟ್ಟಿಸಿ, "ಮೊದಲು ಇದರಲ್ಲಿ ನೇತಾಡು, ಮತ್ತೆ ಊಟ" ಎಂದರು. ನಿಝಾಮ್ ಓಡುವ ಹೊತ್ತಿಗೆ ರಸ್ತೆ ಬದಿಯ ಅಂಗಡಿಯವರು ಹೊರಗೆ ಬಂದು ನಿಲ್ಲತೊಡಗಿದರು. ಮಡಿಕೇರಿ ಬಸ್ಸಿನ ಡ್ರೈವರ್ ಅವನನ್ನು ಹಿಂದೆ ಹಾಕುವಾಗ ಹಾರ್ನ್ ಹಾಕದೆ ಕೈ ಬೀಸಿ ಹೋಗುತ್ತಿದ್ದ. ಒಂದು ಬೆಳಿಗ್ಗೆ ಮೈದಾನದಲ್ಲಿ ಗೌಡರು ಗಡಿಯಾರ ನೋಡಿ, ಮತ್ತೊಮ್ಮೆ ನೋಡಿ ಮೂಗು ಒರೆಸಿಕೊಂಡರು. ನಿಝಾಮನ ಕಾಲು ವಾಪಾಸು ಬಂದಿತ್ತು.

ಹೊರಡುವ ದಿನ ಅವರ ಮನೆಯ ಜಗಲಿಯಲ್ಲಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಕಂಡಿತು. ನೈಲಾನ್ ಹಗ್ಗ ಸುತ್ತಿ, ನಾಲ್ಕೂ ಬದಿಗೆ ಕಪ್ಪು ಶಾಯಿಯಲ್ಲಿ ಹೆಸರು ವಿಳಾಸ ಬರೆದಿತ್ತು. ಒಳಗೆ ಉಪ್ಪಿನಕಾಯಿ, ಒಣಮೀನು, ಹಲ್ವ, ಖರ್ಜೂರ, ತೆಂಗಿನೆಣ್ಣೆ. ತಾಯಿ ಆಯಿಶಮ್ಮ ಅದರ ಮೇಲೆ ಕೈಯಿಟ್ಟು ಕುಳಿತಿದ್ದರು.

"ಇದೆಂತ ಆಯಿಶಮ್ಮ? ಉಡುಪಿಯ ಮೈದಾನಕ್ಕೆ ಓಡ್ಲಿಕ್ಕೆ ಹೋಗುದು ಅವ. ಇದನ್ನು ಹೊತ್ತುಕೊಂಡು ಓಡುದಾ?" ಎಂದರು ಕುಕ್ಕಪ್ಪ ಗೌಡರು.

"ಇವರು ದಮ್ಮಾಮಿಗೆ ಹೋಗುವಾಗಲೂ ನಾನೇ ಕಟ್ಟಿದ್ದು ಕುಕ್ಕಪ್ಪಣ್ಣ. ಕೈ ಸುಮ್ಮನೆ ಕೂರುದಿಲ್ಲ" ಎಂದರು ಆಯಿಶಮ್ಮ. ಗೌಡರು ಹಗ್ಗ ಸಡಿಲಿಸಿ ಪೆಟ್ಟಿಗೆಯಿಂದ ಒಂದು ಪೊಟ್ಟಣ ಖರ್ಜೂರ ತೆಗೆದು ನಿಝಾಮನ ಚೀಲಕ್ಕೆ ಹಾಕಿ, "ಇದು ಸರ್ಕಾರಿ ಲೆಕ್ಕದಲ್ಲಿ ಪಾಸ್" ಎಂದರು.

ಉಡುಪಿಗೆ ನನ್ನ ಓಮ್ನಿಯಲ್ಲೇ ಹೋದೆವು. ಮುಂದೆ ನಾನು ಮತ್ತು ಅಬೂಬಕರಾಕ, ಹಿಂದಿನ ಸೀಟಿನಲ್ಲಿ ಹುಡುಗರಿಬ್ಬರು. ನಸುಕಿಗೇ ಅವರು ಮೈದಾನದ ಒಳಗೆ ಹೋದರು. ನಮಗೆ ಗೇಟಿನ ಹೊರಗೆ ಜಾಗ. ಊರೂರಿನ ಅಪ್ಪಂದಿರು ಅಲ್ಲಿ ಕಂಪೌಂಡಿಗೆ ಒರಗಿ ನಿಂತಿದ್ದರು. ಒಳಗಿನದ್ದು ಏನೂ ಕಾಣುವುದಿಲ್ಲ. ಆ ಗೇಟಿನ ನಿಯಮ ಮಾತ್ರ ಬೇಗ ಅರ್ಥವಾಯಿತು. ಓಟದಲ್ಲಿ ಹಿಂದೆ ಬಿದ್ದವರನ್ನು ಕೂಡಲೇ ಹೊರಗೆ ಬಿಡುತ್ತಾರೆ. ಪಾಸಾದವರನ್ನು ಒಳಗೇ ಇಟ್ಟುಕೊಳ್ಳುತ್ತಾರೆ.

ಮಗ ಬರಲಿ ಎಂದು ಕಾಯುವ ಅಪ್ಪಂದಿರನ್ನು ನಾನು ಬಸ್ ನಿಲ್ದಾಣದಲ್ಲಿ ದಿನಾ ನೋಡುತ್ತೇನೆ. ಮಗ ಬಾರದಿರಲಿ ಎಂದು ಕಾಯುವ ಅಪ್ಪಂದಿರನ್ನು ನೋಡಿದ್ದು ಅಂದೇ.

ಗೇಟು ತೆರೆದಾಗಲೆಲ್ಲ ಅಬೂಬಕರಾಕ ಕಣ್ಣು ಮುಚ್ಚಿ ನನ್ನ ತೋಳು ಹಿಡಿಯುತ್ತಿದ್ದರು. "ನೀನು ನೋಡು ಸೂರಜ. ಉಂಟಾ?"

"ಇಲ್ಲ."

"ಅಲ್‌ಹಮ್ದುಲಿಲ್ಲಾಹ್."

ಹೊರಗೆ ಬಂದವರಲ್ಲಿ ಇಚಿಲಂಪಾಡಿಯ ಹುಡುಗನೊಬ್ಬ ಗೋಡೆಯ ಬದಿಗೆ ಕುಳಿತು ಅಳತೊಡಗಿದ. ಅವನ ಜೊತೆ ಯಾರೂ ಬಂದಿರಲಿಲ್ಲ. ಅಬೂಬಕರಾಕ ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ಆಯಿಶಮ್ಮ ಕಟ್ಟಿ ಕೊಟ್ಟ ಟಿಫಿನ್ ಬಿಚ್ಚಿ ಪತ್ತಿರ್ ಅವನ ಕೈಗೆ ಇಟ್ಟರು. "ತಿನ್ನು ಮೋನೇ. ಬರುವ ವರ್ಷ ಪುನಃ ಉಂಟಲ್ಲ. ಓಡಿದ್ದು ದೊಡ್ಡದು. ನನ್ನಂಥವನು ಹತ್ತು ಹೆಜ್ಜೆ ಓಡಿದ್ರೆ ಆಸ್ಪತ್ರೆಗೆ ಹೋಗ್ಬೇಕು." ಹುಡುಗ ಅಳುತ್ತಲೇ ನಕ್ಕ, ನಗುತ್ತಲೇ ತಿಂದ.

ಬಿಸಿಲೇರಿತು. ಆಯಿಶಮ್ಮನ ಫೋನ್ ಬಂತು. ಅಬೂಬಕರಾಕ ಸ್ಪೀಕರ್ ಹಾಕಿ ಊರಿಗೇ ಕೇಳುವ ಹಾಗೆ ಮಾತಾಡಿದರು.

"ಮಗ ಬಂದನಾ?" ಎಂದರು ಆಯಿಶಮ್ಮ.

"ಬರ್ಲಿಲ್ಲ! ಇಷ್ಟು ಹೊತ್ತಾಯ್ತು, ಇನ್ನೂ ಬರ್ಲಿಲ್ಲ!"

"ಯಾ ಅಲ್ಲಾ! ಬರ್ಲಿಲ್ವಾ? ಎಂತ ಆಯ್ತು ಅವನಿಗೆ?"

"ಬರ್ಲಿಲ್ಲ ಅಂದ್ರೆ ಒಳ್ಳೇದು. ಬಂದ್ರೆ ಹಾಳು!"

"ನನ್ನ ಮಗ ಬಂದ್ರೆ ಹಾಳಾ? ನಿಮಗೆ ಬಿಸಿಲು ತಲೆಗೆ ಏರಿದೆ. ಫೋನ್ ಸೂರಜನಿಗೆ ಕೊಡಿ."

ನಾನು ವಿವರಿಸಿದೆ. ಆಮೇಲೆ ಆಯಿಶಮ್ಮ ಮೆಲ್ಲಗೆ, "ಹಾಗಾದ್ರೆ ಬಾರದೇ ಇರ್ಲಿ" ಎಂದು ಫೋನ್ ಇಟ್ಟರು.

ನಿಝಾಮ್, ಕೀರ್ತನ್ ಇಬ್ಬರೂ ಹೊರಗೆ ಬಂದದ್ದು ಸಂಜೆಗೆ. ಇಬ್ಬರ ತೋಳಿನ ಮೇಲೂ ಶಾಯಿಯ ಮುದ್ರೆ ಇತ್ತು. ಓಟ, ಕಂಬಿ, ಹೊಂಡ ಎಲ್ಲ ಪಾಸ್, ಇನ್ನು ಡಾಕ್ಟರು. ನಿಝಾಮ್ ತನ್ನ ಗುಂಪಿನಲ್ಲಿ ಏಳನೆಯವನಾಗಿ ಬಂದಿದ್ದ. ಅಬೂಬಕರಾಕ ಮಗನಿಗೆ ನೀರಿನ ಬಾಟಲಿ ಕೊಟ್ಟರು. ಹಿಂದಿರುಗುವ ದಾರಿಯುದ್ದಕ್ಕೂ ಬಾಯಿ ತೆರೆಯಲಿಲ್ಲ. "ಊರಿಗೆ ಫೋನ್ ಮಾಡುದಿಲ್ವಾ?" ಎಂದು ಕೇಳಿದೆ. "ಬೇಡ. ಕಡೆಯ ಪಟ್ಟಿ ಬರ್ಲಿ" ಎಂದರು. ಕಲಿತಿದ್ದರು.

ವೈದ್ಯರ ತಪಾಸಣೆಯೂ ಮುಗಿದು, ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ ಆ ಪಟ್ಟಿ ಬಂತು. ನನ್ನ ಅಂಗಡಿಯ ಕಂಪ್ಯೂಟರಿನಲ್ಲೇ ನೋಡಿದೆವು. ಕೀರ್ತನನ ನಂಬರೂ ಇತ್ತು, ನಿಝಾಮನ ನಂಬರೂ ಇತ್ತು. ನಿಝಾಮ್ ಉಪ್ಪನನ್ನು ತಬ್ಬಿಕೊಂಡ. ಮನೆಗೆ ಓಡಿ ಉಮ್ಮನಿಗೆ ಹೇಳಿದ. ಅಲ್ಲಿಂದ ಗೌಡರ ಮನೆಗೆ ಓಡಿ ಅವರ ಕಾಲು ಮುಟ್ಟಿದ. ಅವನು ಎಲ್ಲಿಗೂ ನಡೆದು ಹೋಗುವುದನ್ನೇ ಮರೆತಿದ್ದ.

ಅಬೂಬಕರಾಕ ಕಣ್ಣೊರೆಸಿ, ಬಿಗಿದು ಕಟ್ಟಿದ್ದ ಬಾಯಿ ಬಿಚ್ಚಿ, ಪೇಟೆಗೆ ಇಳಿದರು. ಮೊದಲು ಸಿಕ್ಕಿದ್ದು ರಿತೇಶ್.

"ರಿತೇಶ, ನಿಝಾಮನಿಗೆ ಮಿಲಿಟ್ರಿ ಆಯ್ತು!"

"ಗೊತ್ತುಂಟಲ್ಲ ಅಬೂಬಕರಾಕ! ಫ್ಲೆಕ್ಸ್ ಹಾಕಿದ್ದೇ ನಾವು. ಅದೀಗ ಹರಿದೂ ಹೋಯ್ತು."

ನುಸೈಬಾಗೆ ಫೋನ್ ಮಾಡಿದರು. "ಹೌದಣ್ಣ, ಮೊದಲ ಊಟ ನಮ್ಮಲ್ಲೇ ಅಲ್ವಾ?" ಎಂದಳು. ಅಬ್ಬಾಸ್ ಮಾವ, "ಹಳೇ ಸುದ್ದಿ ಮಾರಾಯ, ಹೊಸತೆಂತ ಉಂಟು?" ಎಂದರು. ಬಸ್ಸಿನ ಡ್ರೈವರ್ ಕಿಟಕಿಯಿಂದ, "ಆವಾಗಲೇ ಆಗಿದ್ದಲ್ವಾ, ಇನ್ನೂ ಹೋಗ್ಲಿಲ್ವಾ?" ಎಂದು ಕೇಳಿ ಗೇರು ಹಾಕಿದ.

ಅವನ ಓಟ ನೋಡಿಯೇ ಆಯಿತೆಂದು ತೀರ್ಮಾನಿಸಿದ್ದ ಊರೆಲ್ಲ ಸಂಭ್ರಮವನ್ನು ಮೊದಲೇ ಉಂಡು ಕೈ ತೊಳೆದು ಕುಳಿತಿತ್ತು. ಸುದ್ದಿ ನಿಜವಾದ ದಿನ ಅದನ್ನು ಹೇಳಲು ಅವರಿಗೆ ಒಬ್ಬರೂ ಸಿಗಲಿಲ್ಲ. ಅಷ್ಟು ದೊಡ್ಡ ಹೆಮ್ಮೆಯನ್ನು ಒಬ್ಬನೇ ಹೊತ್ತು ನಿಂತ ಮನುಷ್ಯನನ್ನು ನಾನು ಹಿಂದೆ ಕಂಡಿರಲಿಲ್ಲ. ಬನ್ನಿ ಎಂದು ಅವರನ್ನು ಕುಕ್ಕಪ್ಪ ಗೌಡರ ಮನೆಗೆ ಕರೆದುಕೊಂಡು ಹೋದೆ. ಹೋಗುವಾಗ ನನಗೆ ನೆನಪಾಯಿತು. ಅಲ್ಲಿಗೆ ನಿಝಾಮ್ ಆಗಲೇ ಹೋಗಿದ್ದಾನೆ, ಸಾಲದ್ದಕ್ಕೆ ಕೀರ್ತನನ ಸುದ್ದಿಯೂ ಆ ಮನೆಯದ್ದೇ. ಅಲ್ಲಿಯೂ ಹಳತಾಯಿತು ಎಂದುಕೊಂಡೆ.

ಗೌಡರು ಜಗಲಿಯಲ್ಲಿದ್ದರು. ಅಬೂಬಕರಾಕ ಅಂಗಳದಲ್ಲೇ ನಿಂತು, ಸೋತ ಧ್ವನಿಯಲ್ಲಿ, "ನಿಮಗೂ ಗೊತ್ತಿರ್ಬೇಕಲ್ಲ ಕುಕ್ಕಪ್ಪಣ್ಣ" ಎಂದರು.

ಹವಾಲ್ದಾರರು ಅವರ ಮುಖವನ್ನು ಒಂದು ಕ್ಷಣ ನೋಡಿದರು. ಒಳಗಿನಿಂದ ಮಾತಾಡಲು ಬಂದ ಶೀಲಾವತಿಯವರನ್ನು ಕಣ್ಣಿನಲ್ಲೇ ತಡೆದರು. ಎದ್ದು ಕುರ್ಚಿ ಎಳೆದು ಹಾಕಿದರು.

"ಇಲ್ವಲ್ಲ, ಅಬೂಬಕರ್ರೆ. ಎಂತ ವಿಷಯ?"

ಅಬೂಬಕರಾಕನ ಮುಖ ಅರಳಿತು. ಮೆಟ್ಟಿಲು ಹತ್ತಿ ಬಂದು ಕುಳಿತರು. ಗಂಟಲು ಸರಿಮಾಡಿಕೊಂಡು, ನಿಝಾಮನಿಗೆ ಮಿಲಿಟ್ರಿ ಆಯ್ತು ಎಂಬಲ್ಲಿಂದ ಶುರುಮಾಡಿ, ಉಡುಪಿಯ ಮೈದಾನದಲ್ಲಿ ಅಷ್ಟೂ ಹುಡುಗರಲ್ಲಿ ತನ್ನ ಮಗನೇ ಮೊದಲನೆಯವನಾಗಿ ಓಡಿ ಬಂದ ಎಂಬಲ್ಲಿಗೆ ಬಂದರು. ತಪ್ಪು ಕಂಡರೆ ತಿದ್ದದೆ ಬಿಡದ ಹವಾಲ್ದಾರ್ ಕುಕ್ಕಪ್ಪ ಗೌಡರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ಹೌದಾ? ಮತ್ತೆ?" ಎಂದು ಕೇಳಿದರು.